ಕುಣಿಗಲ್‌ಗೆ ಸ್ವರ ಒಯ್ಯುತ್ತಿದ್ದ ಮೇಷ್ಟ್ರು

ಕುಣಿಗಲ್ ಬಸ್ಸಿನಲ್ಲಿ ಮೇಷ್ಟ್ರು ಬಾಯಿ ಬಿಡುತ್ತಿರಲಿಲ್ಲ. ತುಮಕೂರಿನಲ್ಲಿ ಹತ್ತಿ ಕಿಟಕಿ ಪಕ್ಕ ಕೂತರೆಂದರೆ ಮುಗಿಯಿತು, ತುಟಿಗೆ ಹೊಲಿಗೆ ಹಾಕಿಸಿಕೊಂಡವರ ಹಾಗೆ ಕೂತುಬಿಡುತ್ತಿದ್ದರು. ತೀರ ಹತ್ತಿರ ಕೂತವರಿಗೆ ಮಾತ್ರ ಅವರ ಮೂಗಿನೊಳಗೆ ಒಂದು ಸಣ್ಣ ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಒಂದೇ ಸ್ವರ. ತುಮಕೂರಿನಲ್ಲಿ ನಮಗೆ ಹಾಡಿಸಿದ ಸ್ವರವನ್ನು, ತುಂಬಿದ ಕೊಡ ಹೊತ್ತವರು ನಡೆಯುವ ಹಾಗೆ, ತುಳುಕಿಸದೆ ಕುಣಿಗಲ್‌ಗೆ ಮುಟ್ಟಿಸಬೇಕಿತ್ತು ಅವರಿಗೆ. ಮಾತಾಡಿದರೆ ಚೆಲ್ಲಿಹೋಗುತ್ತದೆ.

ಒಂದು ಸಲ ಕಂಡಕ್ಟರ್ ಬಂದು, "ಎಲ್ಲಿಗ್ ಯಜಮಾನ್ರೇ?" ಅಂದ. ಮೇಷ್ಟ್ರು ಎರಡು ಬೆರಳು ತೋರಿಸಿದರು.

"ಎರಡು ಎಲ್ಲಿಗ್ರೀ? ಬಾಯ್ ಬರಾಕಿಲ್ವಾ?"

ನಾನು ಮುಖ ಬಾಡಿಸಿಕೊಂಡು, "ಹುಟ್ಟಿದಾಗಿಂದ್ಲೂ ಹಂಗೇ ಸಾರ್. ಎರಡು ಕುಣಿಗಲ್ ಕೊಡಿ," ಅಂದೆ.

ಪಾಪ, ಒಳ್ಳೆಯ ಮನುಷ್ಯ. ಹಿಂದೆ ಕುಲುಕಾಡುತ್ತದೆ ಅಂತ ಮುಂದಿನ ಸೀಟಿನವನನ್ನು ಎಬ್ಬಿಸಿ ಮೇಷ್ಟ್ರನ್ನು ಕೂರಿಸಿದ. ಮೇಷ್ಟ್ರು ಕಣ್ಣಲ್ಲೇ ನನ್ನನ್ನು ಸುಟ್ಟರು, ಬಾಯಿ ಬಿಡಲಿಲ್ಲ. ಕುಣಿಗಲ್‌ನಲ್ಲಿ ಇಳಿದು, ಸ್ವರವನ್ನು ಅಲ್ಲಿಯ ಮೂವರು ಹಾಡುಗಾರರಿಗೆ ಒಪ್ಪಿಸಿದ ಮೇಲೆ ತಿರುಗಿ, "ಹುಟ್ಟಿದಾಗಿಂದ್ಲೂನಾ? ಕತ್ತೆ ನನ್ಮಗನೆ!" ಅಂದರು. ವಾಪಸ್ ಬರುವಾಗಲೂ ಅದೇ ಬಸ್ಸು, ಅದೇ ಕಂಡಕ್ಟರ್. ಮೇಷ್ಟ್ರು ಗಂಟಲು ಬಿಚ್ಚಿ, "ಎರಡು ತುಮಕೂರು ಕೊಡಪ್ಪ," ಅಂದರು. ಅವನು ಟಿಕೆಟ್ ಮೆಷಿನ್ ಹಿಡಿದುಕೊಂಡೇ ಕಲ್ಲಾದ. ಮೇಷ್ಟ್ರು ತಣ್ಣಗೆ, "ಕುಣಿಗಲ್ ಚರ್ಚಿಗೆ ಹೋಗಿದ್ದೆ. ಬಾಯಿ ಬಂತು," ಅಂದರು. ಕಂಡಕ್ಟರ್ ಎರಡು ಕೆನ್ನೆ ಮುಟ್ಟಿಕೊಂಡ.

ಇಷ್ಟನ್ನು ಬರೆದುಕೊಟ್ಟಿದ್ದರೆ ಸಾಕಾಗಿತ್ತು. ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಚರ್ಚಿನ ಫಾದರ್ ನೆನಪಿನ ಪುಸ್ತಿಕೆಗೆ ಎರಡು ಪುಟ ಕೇಳಿದರು. "ನೀನು ಅವರ ಧ್ವನಿ ಚೆನ್ನಾಗಿ ಮಾಡ್ತೀಯಲ್ಲಪ್ಪ. ನಗು ಬರೋ ಹಾಗೆ ಬರಿ," ಅಂದರು. ಬರೆಯಲು ಕೂತೆ. ಕೆನ್ನೆ ಮುಟ್ಟಿಕೊಂಡ ಕಂಡಕ್ಟರ್‌ನವರೆಗೆ ನಗುತ್ತಾ ಬಂದೆ. ಆಮೇಲೆ ಕೈ ಓಡಲಿಲ್ಲ. ಕಿವಿ ಕೆಟ್ಟಿತು, ಅದಕ್ಕೇ ಮೇಷ್ಟ್ರು ಹಾಡಿಸುವುದನ್ನು ಬಿಟ್ಟರು ಅಂತ ಎಲ್ಲರೂ ನಂಬಿದ್ದಾರೆ. ಮೇಷ್ಟ್ರೂ ಹಾಗೇ ನಂಬಿಕೊಂಡು ಹೋದರು. ಹಾಗಲ್ಲ ಅಂತ ಗೊತ್ತಿದ್ದವನು ನಾನೊಬ್ಬನೇ.

ನಾನು ಚರ್ಚಿನವನಲ್ಲ. ನಮ್ಮದು ಗುಬ್ಬಿ ಹತ್ತಿರದ ಕಡಬ. ಕೆರೆ ಕೆಳಗೆ ತೆಂಗಿನ ತೋಟ, ಮನೆಯಲ್ಲಿ ವಿಭೂತಿ ಹಚ್ಚಿಕೊಂಡು ಎಲ್ಲರಿಗೂ ಬೈಯುವ ಅಜ್ಜಿ. ನಾನು ತುಮಕೂರಿನ ಒಂದು ಸೌಂಡ್ಸ್ ಅಂಗಡಿಯಲ್ಲಿ ಮದುವೆ, ಆರ್ಕೆಸ್ಟ್ರಾ, ರಾಜಕೀಯ ಅಂತ ಮೈಕ್ ಕಟ್ಟುವವನು. ಯಾರು ಮಾತಾಡಿದರೂ ಎರಡೇ ನಿಮಿಷದಲ್ಲಿ ಅವರ ಗಂಟಲು ನನ್ನ ಗಂಟಲಿಗೆ ಬಂದು ಕೂರುತ್ತದೆ. ಓನರ್ ಧ್ವನಿಯಲ್ಲಿ ಹುಡುಗರಿಗೆ ರಜೆ ಕೊಟ್ಟು ಒಂದು ಸಲ ಕೆಲಸ ಕಳೆದುಕೊಂಡಿದ್ದೇನೆ. ಅಳುತ್ತಾ ಹೋಗಿ ಮತ್ತೆ ಸೇರಿಕೊಂಡೆ. ಆ ಅಳುವೂ ನನ್ನದಲ್ಲ, ನಮ್ಮ ಸೋದರಮಾವನದು.

ಚರ್ಚಿನ ಹಬ್ಬಕ್ಕೆ ಸ್ಪೀಕರ್ ಕಟ್ಟಲು ಹೋದಾಗ ಮೈಕ್ ಟೆಸ್ಟಿಂಗ್‌ಗೆ ಹಲೋ ಹಲೋ ಅನ್ನುವ ಬದಲು ಫಾದರ್ ಧ್ವನಿಯಲ್ಲಿ, "ಪ್ರಿಯ ಸಹೋದರ ಸಹೋದರಿಯರೇ, ಒಂದು ಜೊತೆ ಚಪ್ಪಲಿ ಸಿಕ್ಕಿದೆ," ಅಂದೆ. ಹೊರಗೆ ಶಾಮಿಯಾನದ ಕೆಳಗೆ ಹೂ ಕಟ್ಟುತ್ತಿದ್ದ ಹೆಂಗಸರೆಲ್ಲ ಕಾಲು ನೋಡಿಕೊಂಡರು. ಬಿಳಿ ಅಂಗಿಯ ತೆಳ್ಳನೆಯ ಹಿರಿಯರೊಬ್ಬರು ಸರಸರನೆ ನನ್ನ ಕಡೆ ಬಂದರು. ಏಟು ಬಿತ್ತು ಅಂದುಕೊಂಡೆ.

"ಫಾದರ್ ಮಾತಿನ ಕೊನೇಲಿ ಸ್ವಲ್ಪ ಕೆಳಗೆ ಬೀಳ್ತಾರೆ. ನೀನು ಬೀಳ್ಲಿಲ್ಲ. ಇನ್ನೊಂದ್ಸಲ ಮಾಡು," ಅಂದರು.

ಮಾಡಿದೆ. ಬಿದ್ದೆ.

"ಹಾಂ. ಬಾಯಿ ಕೆಟ್ಟದ್ದು, ಕಿವಿ ಒಳ್ಳೇದು. ಶನಿವಾರ ಐದು ಗಂಟೆಗೆ ಕಿವಿ ತಗೊಂಡು ಬಾ."

"ಸಾರ್, ನಾನು ನಿಮ್ಮೋರಲ್ಲ."

"ಕಿವಿ ಯಾರದು?"

"ನಂದೇ."

"ಸಾಕು."

ಅಜ್ಜಿಗೆ ಫೋನಿನಲ್ಲಿ ಹೇಳಿದರೆ, "ಏನ್ಲಾ, ಕತ್ತಿಗೆ ಸಿಲುಬೆ ಹಾಕ್ಬುಟ್ರಾ?" ಅಂತ ಕೂಗಿದಳು. "ಇಲ್ಲ ಕಣಜ್ಜಿ, ಹಾಡಾಕೆ ಹೋಯ್ತಿದೀನಿ." "ಊಟ ಹಾಕ್ತಾರಾ?" "ಟೀ, ಬನ್ನು." "ಅಷ್ಟುಕ್ಕೇನ್ಲಾ!" ಅಂದು ಫೋನಿಟ್ಟಳು.

ಆ ಹಾಡಿಗೆ ತಬಲವಿಲ್ಲ, ಕೀಬೋರ್ಡಿಲ್ಲ, ತಾಳವೇ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಸಾವಿರ ವರ್ಷದಿಂದ ಸನ್ಯಾಸಿಗಳು ಹಾಡಿಕೊಂಡು ಬಂದದ್ದು, ಗ್ರೆಗೋರಿಯನ್ ಗಾಯನ ಅಂತ ಅದರ ಹೆಸರು. ಎಲ್ಲರೂ ಒಂದೇ ರಾಗ ಹಾಡಬೇಕು, ಮಾತು ನಡೆದ ಹಾಗೆ ರಾಗ ನಡೆಯಬೇಕು. ಲ್ಯಾಟಿನ್ ರಾಗಕ್ಕೆ ಕನ್ನಡದ ಪದ ತುರುಕಿದರೆ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. "ಅವರ ಅಂಗಿ ನಮಗ್ಯಾಕೋ? ತೋಳು ಉದ್ದ, ಕತ್ತು ಬಿಗಿ," ಅನ್ನುತ್ತಿದ್ದರು. ಅದಕ್ಕೇ ಆ ಹಳೆಯ ರೀತಿಯಲ್ಲೇ ಕನ್ನಡದ ಪ್ರಾರ್ಥನೆಗಳಿಗೆ ಹೊಸದಾಗಿ ರಾಗ ಕಟ್ಟುತ್ತಿದ್ದರು. ಅದನ್ನು ಬರೆಯಲು ಐದು ಗೆರೆಯಲ್ಲ, ನಾಲ್ಕು ಗೆರೆ ಬೇಕು. ನಾಲ್ಕು ಪೆನ್ ರೀಫಿಲ್ಲುಗಳನ್ನು ಐಸ್‌ಕ್ರೀಮ್ ಕಡ್ಡಿಗೆ ಸಾಲಾಗಿ ಕಟ್ಟಿ, ಒಂದೇ ಎಳೆತಕ್ಕೆ ನಾಲ್ಕು ಗೆರೆ ಎಳೆಯುವ ಯಂತ್ರ ಮಾಡಿಕೊಂಡಿದ್ದರು. ಮೂವತ್ತು ವರ್ಷ ವಾಚ್ ಫ್ಯಾಕ್ಟರಿಯಲ್ಲಿದ್ದ ಕೈ ಅದು. ತಾಳವಿಲ್ಲದ ಹಾಡಿನ ಹುಚ್ಚು ಯಾಕೆ ಹತ್ತಿತು ಅಂತ ಒಮ್ಮೆ ಕೇಳಿದೆ. "ಮೂವತ್ತು ವರ್ಷ ಟಿಕ್ ಟಿಕ್ ಕೇಳಿದೀನಿ. ಸಾಲ್ದಾ?" ಅಂದರು.

ನಾವು ಒಂಬತ್ತು ಜನ. ತುಮಕೂರಿನಲ್ಲಿ ನಾಲ್ವರು, ಕುಣಿಗಲ್‌ನಲ್ಲಿ ಫಿಲೋಮಿನಾ ಟೀಚರ್ ಮತ್ತು ಅವರ ಇಬ್ಬರು ಗೆಳತಿಯರು, ಗುಬ್ಬಿಯಲ್ಲಿ ಅಣ್ಣತಮ್ಮ ಇಬ್ಬರು. ಆ ಅಣ್ಣ ಬಿದರೆಹಳ್ಳ ಕಾವಲಿನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಕ್ಯಾಬ್ ಓಡಿಸುತ್ತಿದ್ದ. ವಾರದ ನಡುವೆ ಯಾರಿಗೂ ಇನ್ನೊಂದೂರಿಗೆ ಬರಲು ಪುರುಸೊತ್ತಿಲ್ಲ. ಹಾಗಾಗಿ ಮೂರು ಊರಲ್ಲಿ ಮೂರು ಪಾಲು ಪ್ರಾಕ್ಟೀಸು, ಎಲ್ಲರೂ ಒಟ್ಟಿಗೆ ನಿಲ್ಲುವುದು ಹಬ್ಬದ ದಿನ ಮಾತ್ರ. ಮೂರು ಕಡೆಯೂ ಒಂದೇ ಸ್ವರದಲ್ಲಿ ಕಲಿತಿರಬೇಕು. ಫೋನಿನಲ್ಲಿ ಸ್ವರ ತೋರಿಸುವ ಆ್ಯಪ್ ಇದೆ ಮೇಷ್ಟ್ರೇ ಅಂತ ಹಾಕಿಕೊಡಲು ಹೋದೆ. "ಅದು ಉಸಿರು ತಗೊಳುತ್ತಾ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಅದರ ಜೊತೆ ಹೆಂಗೋ ಹಾಡೋದು?"

ಉಸಿರಿನ ಬಗ್ಗೆ ಅವರ ಮಾತನ್ನು ನಾನು ಊರೆಲ್ಲ ಮಾಡಿ ತೋರಿಸಿದ್ದೇನೆ. ಬಲಗೈಯನ್ನು ಕರುವಿನ ಬೆನ್ನು ನೇವರಿಸುವ ಹಾಗೆ ಗಾಳಿಯಲ್ಲಿ ಆಡಿಸುತ್ತಾ, "ಕದೀರಿ, ಉಸಿರು ಕದೀರಿ. ಒಬ್ಬೊಬ್ಬರು ಒಂದೊಂದು ಕಡೆ ಕದೀರಿ. ಒಟ್ಟಿಗೆ ಕದ್ರೆ ಸಿಕ್ಕಿಬೀಳ್ತೀರಿ," ಅನ್ನುವುದು. ಸೌಂಡ್ಸ್ ಅಂಗಡಿಯಲ್ಲಿ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು.

ಅವರ ದೊಡ್ಡ ಕೆಲಸ ಒಂದಿತ್ತು. ಶುಭ ಶುಕ್ರವಾರ ಜನ ಸಾಲಾಗಿ ಬಂದು ಶಿಲುಬೆಗೆ ಮುತ್ತಿಡುವಾಗ ಹಾಡುವ ಹಾಡು. ಶಿಲುಬೆಯ ಮೇಲಿರುವವನು ತನ್ನ ಜನರನ್ನೇ ಕೇಳುವ ಪ್ರಶ್ನೆಗಳು ಅದರಲ್ಲಿವೆ. ನಿಮಗೆ ನಾನು ಏನು ಕೇಡು ಮಾಡಿದೆ ಅನ್ನುವ ರೀತಿಯವು. ನಾಲ್ಕು ವರ್ಷ ಅದರ ಹಿಂದೆ ಬಿದ್ದಿದ್ದರು. ಪ್ರಶ್ನೆಯ ರಾಗ ಕೂರುತ್ತಿರಲಿಲ್ಲ. ಒಂದು ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು, "ನಿಮ್ಮಜ್ಜಿ ನಿನ್ನ ಮೇಲೆ ಬೇಜಾರಾದಾಗ ಏನಂತಾರೆ?" ಅಂದರು.

"'ನಾನೇನ್ಲಾ ಮಾಡಿದ್ದೆ ನಿಂಗೆ?' ಅಂತಾಳೆ."

"ನೀನು ಹೇಳ್ಬೇಡ. ಅವರು ಹೇಳ್ಲಿ."

ಅಜ್ಜಿಯನ್ನು ನನ್ನ ಗಂಟಲಿಗೆ ಕರೆಸಿದೆ. 'ನಾನೇನ್ಲಾ' ಅನ್ನುವಲ್ಲಿ ಮೇಲಕ್ಕೆ ಹತ್ತಿ, 'ನಿಂಗೆ' ಅನ್ನುವಷ್ಟರಲ್ಲಿ ಕಾಲು ಸೋತು ಕೂತ ಹಾಗೆ ಇಳಿಯುವ ಧ್ವನಿ. ಮೇಷ್ಟ್ರು ಇಪ್ಪತ್ತು ಸಲ ಹೇಳಿಸಿದರು. ನಾಲ್ಕು ಗೆರೆಯ ಮೇಲೆ ಚೌಕದ ಚುಕ್ಕಿ ಇಟ್ಟರು. ಹಾಡಿ ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಅದು ಪ್ರಾರ್ಥನೆಯೇ, ಅಜ್ಜಿ ಅಲ್ಲ. ಆದರೆ ಕೊನೆಗೆ ಇಳಿಯುವ ಜಾಗದಲ್ಲಿ ಕಡಬದ ನಮ್ಮ ಜಗುಲಿ ಇತ್ತು.

ಮೇಷ್ಟ್ರ ಸ್ವರ ಜಾರಿದ್ದು ನನಗೆ ಮೊದಲು ಗೊತ್ತಾದದ್ದು ಗುಬ್ಬಿಯಲ್ಲಿ. ರೈಲಿನಲ್ಲಿ ಉದ್ದಕ್ಕೂ ತುಟಿ ಮುಚ್ಚಿಯೇ ಬಂದಿದ್ದರು. ಅಣ್ಣತಮ್ಮಂದಿರ ಮುಂದೆ ನಿಂತು ಗುಂಯ್ ಅಂದರು. ಎರಡು ಸ್ವರ ಕೆಳಗಿತ್ತು. ಅಲ್ಲಿಂದ ಎತ್ತಿಕೊಂಡರೆ ಕೊನೆಯ ಸಾಲಿನ ಹೊತ್ತಿಗೆ ಎಲ್ಲರೂ ಬಾವಿಗಿಳಿದಿರುತ್ತಾರೆ. ನಾನು ಹಿಂದೆ ನಿಂತಿದ್ದೆ. ಏನೂ ಯೋಚಿಸದೆ, ಮೇಷ್ಟ್ರದ್ದೇ ಮೂಗಿನಲ್ಲಿ, ಸರಿಯಾದ ಸ್ವರ ಕೊಟ್ಟೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮತ್ತೆ ಕೊಟ್ಟರು ಅಂತ ಅಣ್ಣತಮ್ಮ ತಿಳಿದುಕೊಂಡರು. ಮೇಷ್ಟ್ರ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಚಲಿಸಿತು. ಹಾಡು ಚೆನ್ನಾಗಿ ಬಂತು.

ಅವತ್ತಿನಿಂದ ಒಂದೂವರೆ ವರ್ಷ ಹೀಗೇ ನಡೆಯಿತು. ಅವರು ಮುಂದಿನಿಂದ ಮೆಲ್ಲಗೆ ಒಂದು ಸ್ವರ ಕೊಡುವುದು, ನಾನು ಹಿಂದಿನಿಂದ ಅವರ ಧ್ವನಿಯಲ್ಲೇ ಅದನ್ನು ತಿದ್ದುವುದು, ಎಲ್ಲರೂ ನನ್ನದನ್ನು ಹಿಡಿಯುವುದು. ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರಿಗೂ ತಿಳಿಯಲಿಲ್ಲ ಅಂದುಕೊಂಡೆ. ಅವರ ಎಡಗಿವಿ ಫ್ಯಾಕ್ಟರಿಯ ಪ್ರೆಸ್ಸಿನ ಸದ್ದಿಗೆ ಮಂದವಾಗಿತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಮೊದಲಿಗೆ ಕನಿಕರದಿಂದಲೇ ಮಾಡಿದೆ. ಬರಬರುತ್ತಾ ಕೊಬ್ಬು ಬಂತು. ಈ ಗುಂಪನ್ನು ನಡೆಸುತ್ತಿರುವುದು ನಾನು, ಮುಂದೆ ನಿಂತವರು ಬರೀ ಕೈಯಾಡಿಸುತ್ತಾರೆ ಅಂತ ಒಳಗೊಳಗೇ ಮೀಸೆ ತಿರುವಿಕೊಂಡೆ. ಇನ್ನೂ ಸರಿಯಾಗಿ ಬಂದಿರದ ಮೀಸೆ.

ಎರಡು ವರ್ಷದ ಹಿಂದೆ ಆ ಹಾಡು ಮುಗಿಯಿತು, ಶುಭ ಶುಕ್ರವಾರಕ್ಕೆ ಹಾಡುವುದೆಂದಾಯಿತು. ಅದರಲ್ಲಿ ಅಜ್ಜಿಯ ಧ್ವನಿಯಿಂದ ಎತ್ತಿಕೊಂಡ ಸಾಲನ್ನು ಒಬ್ಬರೇ ಹಾಡಬೇಕು. ಅದು ನನ್ನದೇ ಅಂತ ನಾನು ಅಂಗಡಿಯಲ್ಲಿ ಡಂಗುರ ಹೊಡೆದಾಗಿತ್ತು. ಮೇಷ್ಟ್ರು ಎಲ್ಲರೆದುರಿಗೆ, "ಫಿಲೋಮಿನಾ ಹಾಡ್ತಾರೆ," ಅಂದರು.

"ಮೇಷ್ಟ್ರೇ, ಅದು ನಮ್ಮಜ್ಜಿ ರಾಗ."

"ಅದಕ್ಕೇ ನೀನು ಬೇಡ. ನೀನು ಹಾಡಿದ್ರೆ ನಿಮ್ಮಜ್ಜಿ ಬರ್ತಾರೆ. ಇನ್ಯಾರದೋ ಗಂಟಲಲ್ಲಿ ಎಷ್ಟು ದಿನ ಬಾಡಿಗೆಗಿರ್ತೀಯ? ನಿನ್ನ ಧ್ವನಿ ಸಿಕ್ಕಿದ ದಿನ ಬಾ, ಕೊಡ್ತೀನಿ."

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಅಲ್ಲಿಯವರೆಗೆ ಎಲ್ಲರನ್ನೂ ನಗಿಸುತ್ತಿದ್ದವನು ನಾನು. ನನ್ನನ್ನು ನೋಡಿ ನಕ್ಕದ್ದು ಅವತ್ತೇ ಮೊದಲು. ಊರವರನ್ನೆಲ್ಲ ಆಡಿಕೊಳ್ಳುವವನ ಚರ್ಮ ಇಷ್ಟು ತೆಳುವಾಗಿರುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಶುಭ ಶುಕ್ರವಾರ ಚರ್ಚಿನಲ್ಲಿ ಗಂಟೆ ಹೊಡೆಯುವುದಿಲ್ಲ, ಯಾವ ವಾದ್ಯವನ್ನೂ ಮುಟ್ಟುವುದಿಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ. ಹಾಡಿಗೆ ಮನುಷ್ಯರ ಗಂಟಲೊಂದೇ ಆಧಾರ. ಮಧ್ಯಾಹ್ನ ಮೂರು ಗಂಟೆ, ಬಿಸಿಲಿಗೆ ತಗಡಿನ ಮಾಡು ಸಿಡಿಯುತ್ತಿತ್ತು. ಮೂರೂ ಊರಿನವರು ಒಟ್ಟಿಗೆ ನಿಂತಿದ್ದೆವು. ಜನ ಗೋಡೆಯವರೆಗೆ ತುಂಬಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ನಮ್ಮ ಕಡೆ ತಿರುಗಿ, ಮೆಲ್ಲಗೆ ಸ್ವರ ಕೊಟ್ಟರು. ಆಮೇಲೆ ಕಾದರು.

ನಾನು ಹಿಂದಿನಿಂದ, ಅವರದ್ದೇ ಮೂಗಿನಲ್ಲಿ, ಸರಿಯಾದದ್ದಕ್ಕಿಂತ ಎರಡು ಸ್ವರ ಮೇಲೆ ಕೊಟ್ಟೆ.

ಟೀಚರ್ ಸ್ವಲ್ಪ ತಿಣುಕಾಡಲಿ, ಮೇಷ್ಟ್ರು ಸ್ವಲ್ಪ ಬೆವರಲಿ, ಅಷ್ಟೇ ನನ್ನ ಲೆಕ್ಕ. ಗುಂಪು ಎತ್ತಿಕೊಂಡಿತು. ಮೊದಲ ಸಾಲು ಹೇಗೋ ದಾಟಿತು. ಒಬ್ಬರೇ ಹಾಡುವ ಸಾಲಿಗೆ ಬಂದಾಗ ಟೀಚರ್ ಮೇಲಕ್ಕೆ ಹತ್ತಿದರು, ಹತ್ತಿದರು, ತುದಿಯಲ್ಲಿ ಧ್ವನಿ ಒಡೆದು ಕೀರಲಾಯಿತು. ಶಿಲುಬೆಯ ಮುಂದೆ ಮಂಡಿಯೂರಿದ್ದ ಮುದುಕಿಯೊಬ್ಬಳು ತಲೆಯೆತ್ತಿ ನೋಡಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರ್ ಬಾಯಿಗೆ ಸೆರಗು ಹಿಡಿದುಕೊಂಡರು. ಎಲ್ಲರೂ ನಿಂತುಹೋದೆವು.

ಮೇಷ್ಟ್ರು ಕೈ ಇಳಿಸಲಿಲ್ಲ. ಇನ್ನೊಂದು ಸಲ ಸ್ವರ ಕೊಟ್ಟರು, ಮೊದಲಿನಷ್ಟೇ ಕೆಳಗೆ. ಕೊಟ್ಟು, ನಮ್ಮ ತಲೆಗಳ ಮೇಲಿಂದ ಹಿಂದಿನ ಸಾಲಿನ ಕಡೆ ನೋಡುತ್ತಾ ಕಾದರು. ಬಹಳ ಹೊತ್ತು ಕಾದರು. ನಾನು ಏನೂ ಕೊಡಲಿಲ್ಲ. ಕೊನೆಗೆ ಎಲ್ಲರೂ ಆ ಕೆಳಗಿನ ಸ್ವರದಿಂದಲೇ ಶುರುಮಾಡಿದರು. ಇಳಿಯುವ ಜಾಗಗಳಲ್ಲಿ ಧ್ವನಿಗಳು ಒಂದೊಂದಾಗಿ ನೆಲಕ್ಕೆ ತಾಗಿ ಆರಿಹೋದವು. ನಾಲ್ಕು ವರ್ಷದ ಹಾಡು ಗೊಣಗಾಟವಾಗಿ ಮುಗಿಯಿತು.

ಎಲ್ಲ ಮುಗಿದ ಮೇಲೆ ಚರ್ಚಿನ ಹಿಂದಿನ ಜಗುಲಿಯಲ್ಲಿ ನಾನು ಮೈಕಿನ ವೈರು ಸುತ್ತುತ್ತಿದ್ದೆ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು.

"ಯಾಕೋ ಮೇಲೆ ಕೊಟ್ಟೆ?"

ವೈರು ಕೈಯಿಂದ ಜಾರಿತು. "ಏನು ಮೇಷ್ಟ್ರೇ?"

"ಸ್ವರ ಕಣೋ. ಗುಬ್ಬಿಯಿಂದ ಈಚೆಗೆ ನೀನೇ ಕೊಡ್ತಿದೀಯಲ್ಲ. ನಂದು ಜಾರ್ತಿದೆ ಅಂತ ನಂಗೂ ಗೊತ್ತು. ಹೇಳಿದ್ರೆ ನೀನು ಮುಜುಗರ ಪಟ್ಕೋತೀಯ ಅಂತ ಸುಮ್ನಿದ್ದೆ. ನಿನ್ನ ಕಿವಿ ನಂಬ್ಕೊಂಡೇ ಇವತ್ತು ನಿಂತಿದ್ದು. ಹೆದರಿಕೊಂಡ್ಯಾ?"

ಹೆದರಿಕೊಂಡೆ ಅಂದಿದ್ದರೆ ಮುಗಿಯುತ್ತಿತ್ತು. ಉತ್ತರವನ್ನೂ ಅವರೇ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಿದ್ದರು. ಅಷ್ಟು ದಿನ ಅವರಿಗೆ ಎಲ್ಲವೂ ಗೊತ್ತಿತ್ತು ಅನ್ನುವುದೇ ನನಗೆ ತಲೆ ಮೇಲೆ ಕಲ್ಲು ಬಿದ್ದ ಹಾಗಾಗಿತ್ತು. ನನ್ನ ಬಾಯಿ ನನಗಿಂತ ಮುಂಚೆ ಓಡಿತು.

"ನಾನಾ? ನಾನ್ಯಾವತ್ತು ಕೊಟ್ಟಿದೀನಿ ಮೇಷ್ಟ್ರೇ? ನೀವೇ ಕೊಡೋದು, ನಾವು ಹಿಡ್ಕೊಳ್ಳೋದು. ಇವತ್ತೂ ನೀವೇ ಕೊಟ್ಟಿದ್ದು."

ಎಷ್ಟೋ ಜನರ ಧ್ವನಿ ಮಾಡಿದ್ದೇನೆ. ಅವತ್ತಿನಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ. ಅವತ್ತು ಮಾಡಿದ್ದು ಒಬ್ಬ ಪ್ರಾಮಾಣಿಕನ ಧ್ವನಿ. ಕಣ್ಣಲ್ಲಿ ಬೇಕಾದಷ್ಟೇ ಆಶ್ಚರ್ಯ, ಮಾತಿನ ಕೊನೆಯಲ್ಲಿ ಬೇಕಾದಷ್ಟೇ ಮರುಕ. ಎಲ್ಲಿ ಎಷ್ಟು ಬೀಳಬೇಕು ಅಂತ ಅವರೇ ಕಲಿಸಿದ್ದರಲ್ಲ.

ಮೇಷ್ಟ್ರು ನನ್ನ ಮುಖ ನೋಡಿದರು. "ಹಿಂದಿಂದ ನಂಗೆ ಕೇಳಿಸ್ತಿದ್ದದ್ದು..."

"ನಿಮ್ಮ ಧ್ವನೀನೇ ಇರ್ಬೇಕು. ಗೋಡೆಗೆ ಬಡಿದು ವಾಪಸ್ ಬಂದಿರುತ್ತೆ."

"ನನ್ನ ಧ್ವನೀನೇ, ಹೌದು," ಅಂದರು. ಅಷ್ಟು ಹೊತ್ತಿಗೆ ವೈರಿನ ಒಂದು ತುದಿ ಅವರ ಕೈಯಲ್ಲಿತ್ತು. ಅದನ್ನು ನೀಟಾಗಿ ಸುತ್ತಿ ನನಗೆ ಕೊಟ್ಟು ಎದ್ದು ಹೋದರು.

ಈಸ್ಟರ್ ಕಳೆದ ಮೇಲೆ ಫಾದರ್ ಹತ್ತಿರ ಹೋಗಿ, "ಕಿವಿ ಹೋಯ್ತು ಫಾದರ್, ಇನ್ನು ನನ್ನಿಂದಾಗಲ್ಲ," ಅಂದರಂತೆ. ಗುಂಪು ಕರಗಿತು. ಕುಣಿಗಲ್‌ನ ಮೂವರು ಅಲ್ಲೇ ಉಳಿದರು, ಗುಬ್ಬಿಯವರು ಅಲ್ಲೇ. ತನ್ನಿಂದಲೇ ಹಾಡು ಕೆಟ್ಟಿತು ಅಂತ ಫಿಲೋಮಿನಾ ಟೀಚರ್ ಒಂದು ವರ್ಷ ಚರ್ಚಿನಲ್ಲಿ ಬಾಯಿಬಿಟ್ಟು ಹಾಡಲಿಲ್ಲವಂತೆ. ಟೀಚರ್, ನಿಮಗೂ ಉಳಿದ ಏಳು ಮಂದಿಗೂ ಇದು ಇವತ್ತೇ ಗೊತ್ತಾಗುವುದು. ನೀವು ಸರಿಯಾಗಿಯೇ ಹಾಡಿದಿರಿ.

ಮೇಷ್ಟ್ರ ಮನೆ ಮರಳೂರಿನಲ್ಲಿ, ನಮ್ಮ ಅಂಗಡಿಯ ಗೋಡೌನಿನಿಂದ ನಡೆದರೆ ಹತ್ತು ನಿಮಿಷ. ಹೇಳಿಬಿಡಬೇಕು ಅಂತ ಎಷ್ಟೋ ಸಲ ಹೋದೆ. ಹೋದಾಗಲೆಲ್ಲ ಅವರ ಹೆಂಡತಿ ಕಾಫಿ ತಂದು, "ಯಾರನ್ನಾದ್ರೂ ಮಾಡಪ್ಪ, ಇವರು ನಕ್ಕು ಎಷ್ಟು ದಿನ ಆಯ್ತು," ಅನ್ನುತ್ತಿದ್ದರು. ನಾನು ಮಾಡುತ್ತಿದ್ದೆ. ತರಕಾರಿಯವನನ್ನು, ಎಮ್ಮೆಲ್ಲೆಯನ್ನು, ಓನರನ್ನು. ಮೇಷ್ಟ್ರು ನಗುತ್ತಿದ್ದರು. ನಗಿಸಿದ ಮೇಲೆ ಆ ಮಾತು ಎತ್ತುವುದು ಹೇಗೆ ಅಂತ ತೋಚದೆ ಎದ್ದು ಬರುತ್ತಿದ್ದೆ. ತೋಚಲಿಲ್ಲ ಅನ್ನುವುದೂ ಸುಳ್ಳೇ. ಧೈರ್ಯ ಇರಲಿಲ್ಲ.

ಕೊನೆಯ ಸಲ ಹೋದಾಗ ಅವರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಹೆಂಡತಿ ಅಡುಗೆಮನೆಗೆ ಹೋದದ್ದು ನೋಡಿ, ಹತ್ತಿರ ಬಾ ಅಂತ ಸನ್ನೆ ಮಾಡಿದರು. ಗೊತ್ತಾಗಿಬಿಟ್ಟಿದೆ, ಇವತ್ತು ಬೈಯುತ್ತಾರೆ ಅಂದುಕೊಂಡೆ. ಸದ್ಯ, ಹೇಳುವ ಕಷ್ಟ ತಪ್ಪಿತು ಅನ್ನಿಸಿತು.

"ಮಗಳು ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ಲು," ಅಂದರು. "ಎಡಗಡೇದು ಸ್ವಲ್ಪ ಕಮ್ಮಿ, ಬಲಗಡೇದು ವಯಸ್ಸಿಗೆ ಚೆನ್ನಾಗೇ ಇದೆ ಅಂದ್ರು. ಮೆಷಿನ್ನಿಗೇನು ಗೊತ್ತು? ಒಂದೂವರೆ ವರ್ಷ ಹಿಂದಿಂದ ಯಾರೋ ಸ್ವರ ಕೊಟ್ಟ ಹಾಗೆ ಕೇಳಿಸ್ಕೊಂಡೋನು ನಾನು."

ನಾನು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದುಕೊಂಡರು.

"ಅವತ್ತು ಜಗುಲಿ ಮೇಲೆ ನಿನ್ನ ಮೇಲೆ ತಪ್ಪು ಹೊರಿಸಿಬಿಟ್ಟೆ. ಎಲ್ಲಿಂದಲೋ ಬಂದು, ನಿಂಗೆ ಸಂಬಂಧ ಇಲ್ಲದ ಹಾಡು ಪ್ರೀತಿಯಿಂದ ಕಲಿತೋನು ನೀನು. ನಿನ್ನ ಅನುಮಾನಿಸಿದ್ನಲ್ಲ ಅಂತ ಆವಾಗಿಂದ ಮನಸ್ಸಿನಲ್ಲೇ ಕೊರೀತಿದೆ. ತಪ್ಪಾಯ್ತು ಕಣೋ. ಕ್ಷಮಿಸಿಬಿಡು."

ಅಡುಗೆಮನೆಯಲ್ಲಿ ಲೋಟ ಜೋಡಿಸುವ ಸದ್ದಾಗುತ್ತಿತ್ತು. ಅವರ ಹೆಂಡತಿ ಬರುವುದರೊಳಗೆ ಹೇಳಿಬಿಡಬಹುದಿತ್ತು, ಸಮಯವಿತ್ತು. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.

"ಪರವಾಗಿಲ್ಲ ಬಿಡಿ ಮೇಷ್ಟ್ರೇ," ಅಂದೆ. "ನಾನು ಅದನ್ನ ಆವತ್ತೇ ಮರೆತೆ."

ಅವರ ಮುಖ ಹಗುರಾಯಿತು. ನನ್ನ ಕೈಯನ್ನು ಎರಡು ಸಲ ತಟ್ಟಿ ಬಿಟ್ಟರು. ಹೀಗೆ, ಮೇಷ್ಟ್ರನ್ನು ನಾನು ಕ್ಷಮಿಸಿದೆ.